ಕರೆಯುವ ಬಡಿತ

ಟಕ್, ಟಕ್. ಯಾಂಗ್ಟ್ಸಿ ನದಿಯ ದಡದಲ್ಲಿ ಕೊನೆಯ ದೋಣಿಗೆ ಕಾಯುತ್ತಿದ್ದ ಶುವೆನ್ ಬೆಚ್ಚಿ ತಿರುಗಿದಳು. ಮುದುಕನೊಬ್ಬ ದಡದ ಅಂಚಿನ ಮರದ ಕಟಕಟೆಯನ್ನು ಕೋಲಿನಿಂದ ಬಡಿಯುತ್ತಿದ್ದ; ಪಕ್ಕದಲ್ಲಿ ಅವನ ಹೆಂಡತಿ ನಿಂತಿದ್ದಳು. ಕತ್ತಲ ನೀರಿನಲ್ಲಿ ‘ಫುಸ್’ ಎಂದು ಉಸಿರು ಬಿಟ್ಟು, ಡಾಲ್ಫಿನ್ನಿನಂಥ ಬೂದು ಬೆನ್ನೊಂದು ಎದ್ದು ಮುಳುಗಿತು.

“ಬಂತು ನೋಡೇ, ನಮ್ಮ ನೀರುಹಂದಿ! ಬಲೆ ಬೀಸುವಾಗ ಹೀಗೇ ಬಡಿದು ಕರೀತಿದ್ದೆ. ಮರೆತೇ ಇಲ್ಲ.”

“ಈಗ ಬಲೆ ಎಲ್ಲಿದೆ? ನದೀಲಿ ಮೀನು ಉಳೀಲಿ ಅಂತ ನೀನೇ ಸರ್ಕಾರಕ್ಕೆ ಒಪ್ಪಿಸಿದ್ಯಲ್ಲ,” ಎಂದಳು ಅವನ ಹೆಂಡತಿ.

“ಒಪ್ಪಿಸ್ದೆ. ಆದ್ರೆ ಅಣೆಕಟ್ಟು, ಕಾರ್ಖಾನೆ ಕೊಳಕು ಇವನ್ನ ಬದುಕೋಕೆ ಬಿಡಬೇಕಲ್ಲ? ಇದರ ಜೊತೆಯವೆಲ್ಲ ಹೋದ್ವು. ಇಲ್ಲಿ ಉಳಿದಿದ್ದು ಇದೊಂದೇ.”

“ಗೊತ್ತಿದ್ದೂ ಹಡಗು ಓಡಾಡೋ ಕಡೆ ಕರೀತೀಯಲ್ಲ, ತಲೆ ನೆಟ್ಟಗಿದ್ಯಾ? ಹಡಗಿನಡಿ ತಿರುಗೋ ಚಕ್ರಕ್ಕೆ ಸಿಕ್ಕಿದ್ರೆ?”

ಮುದುಕ ಬಡಿಯುವುದನ್ನು ನಿಲ್ಲಿಸಿದ.

“ಕರೆದ್ರೆ ಬರೋರು ನನಗೆ ಇನ್ಯಾರಿದಾರೆ ಕಣೇ?”

“ಕರೀದೇನೇ ನಾನು ಬಂದಿಲ್ವಾ? ನಡಿ ಮುದಿಯಾ, ಮನೆಗೆ.”

ಅವನು ಕೋಲನ್ನು ಅವಳ ಕೈಗಿತ್ತ. ಅದನ್ನೇ ಊರಿಕೊಂಡು ಅವಳು ಮೆಟ್ಟಿಲು ಹತ್ತಿದಳು. ಅವನು ಹಿಂದೆಯೇ ಹೋದ.

ಚಿತ್ರ ತೆಗೆಯಲು ಎತ್ತಿದ್ದ ಫೋನನ್ನು ಶುವೆನ್ ಇಳಿಸಿದಳು. ಬಡಿದರೆ ಅದು ಬರುತ್ತದೆಂದು ಹೇಳಿದರೆ ನಾಳೆ ಊರೆಲ್ಲ ಬಂದು ಇಲ್ಲಿ ಬಡಿಯುತ್ತದೆ. ಯಾರಿಗೂ ಹೇಳುವುದಿಲ್ಲ ಎಂದುಕೊಂಡಳು. ಆಮೇಲೆ, ಕಟಕಟೆಯ ಮೇಲೆ ಬಡಿಯಲು ಹೊರಟಿದ್ದ ತನ್ನ ಬೆರಳುಗಳನ್ನೂ ಜೇಬಿಗೆ ಸೇರಿಸಿದಳು.