ತಬಾಸ್ಕೊಗೆ ಬಂದ ತಬಾಸ್ಕೊ

ಬಸ್ಸಿಗೆ ಕಾಯುತ್ತ ಮೆಕ್ಕೆಜೋಳದ ಪೊಸೋಲ್ ಪಾನೀಯ ಕುಡಿಯುತ್ತಿದ್ದ ಎಫ್ರಾಯಿನನ ಕಿವಿ, ಮುಂದೆ ನಿಂತಿದ್ದ ಇಬ್ಬರು ಹೆಂಗಸರ ಮಾತಿಗೆ ಅಂಟಿಕೊಂಡಿತು.

"ನಿನ್ನ ಮಗಳನ್ನ ಕೇಳೋಕೆ ಬಂದ ಆ ಗಡಿಯಾಚೆ ಉತ್ತರದವನು ಏನು ತಂದಿದ್ದ, ಎಲಾದಿಯಕ್ಕ?"

"ಬಾಟಲಿ ಸಾಸು ಕಣೆ! ಮಾಡಿದ್ದು ಅವರ ದೇಶದಲ್ಲಿ, ಮೇಲೆ ಮಾತ್ರ ತಬಾಸ್ಕೊ ಅಂತ ನಮ್ಮ ನಾಡಿನ ಹೆಸರು. 'ನಿಮ್ಮ ಸಾಸು ನಿಮಗೇ ಗೊತ್ತಿಲ್ವಾ' ಅಂತ ನನಗೇ ಪಾಠ!"

"ಸುಮ್ಮನಿದ್ಯಾ?"

"ಓಡಿಹೋಗ್ಲಿ ಅಂತ ಅಮಾಶಿತೊ ಮೆಣಸಿನಕಾಯಿ ನಿಂಬೆರಸದಲ್ಲಿ ಜಜ್ಜಿ ಮುಂದಿಟ್ಟೆ. ಬಟಾಣಿಗಿಂತ ಚಿಕ್ಕ ಕಾಯಿ, ಏನು ಖಾರ ಇದ್ದೀತು ಅಂತ ಚಮಚ ತುಂಬ ತಿಂದ."

"ಆಮೇಲೆ?"

"ಗಳಗಳ ಅತ್ತ. ಒಳಗಿಂದ ಬಂದ ಮಗಳು, ತನಗೋಸ್ಕರ ಅಳ್ತಿದಾನೆ ಅಂದ್ಕೊಂಡು ಒಪ್ಪೇಬಿಟ್ಲು!"

"ಅವನಾದ್ರೂ ನಿಜ ಹೇಳ್ಬಾರ್ದಿತ್ತಾ?"

"ಬಾಯಿ ಉರೀತಿತ್ತಲ್ಲ, ಮಾತೆಲ್ಲಿಂದ ಬರ್ಬೇಕು?"

ಬಸ್ಸು ಬಂತು.

"ಮದುವೆ ಊಟಕ್ಕೇನು ಮಾಡಿಸ್ತೀಯ?"

"ಅವನ ತಟ್ಟೆಗೆ ಅದೇ ಚಟ್ನಿ. ನನ್ನ ಮನೇಲಿ ಅಳೋದು ಅಭ್ಯಾಸ ಆಗ್ಲಿ," ಎನ್ನುತ್ತ ಎಲಾದಿಯಾ ಬಸ್ಸು ಹತ್ತಿದಳು.