ಆಂಥೋನಿ ಕೆತ್ತಿದ ಮರಿಯಮ್ಮ

ನಮ್ಮ ದೊಡ್ಡಪ್ಪನ ಮಗ ಬಸವರಾಜು ಮಾರನಹಳ್ಳಿ ಹತ್ರ ಒಂದು ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟರಾಗಿದ್ದ. ತೊಂಬತ್ತೇಳನೇ ಇಸವಿ ಮಾತು. ಸಕಲೇಶಪುರದಿಂದ ಕೊನೇ ಬಸ್ಸಿಗೆ ಬಂದಿಳಿದು, ಹಾಳುಬಾವಿ ದಾಟ್ಕೊಂಡು ಮನೆಗೆ ನಡೀತಿದ್ದ. ಒಂದು ಎಲೆನೂ ಅಲ್ಲಾಡ್ತಿರಲಿಲ್ಲ...

ಬಾವಿ ಪಕ್ಕಕ್ಕೇ ಆಂಥೋನಿ ಶೆಡ್ಡು. ಚರ್ಚುಗಳಿಗೆ ಮರದ ವಿಗ್ರಹ ಕೆತ್ತೋನು ಅವನು. ಹೆಂಡ್ತಿ ಮೊಡೆಸ್ಟಾ ದಮ್ಮು ಹತ್ತಿ ತೀರ್ಕೊಂಡು ಮೂರು ವರ್ಷ. ಅವಳು ಸಾಯೋವಾಗ ಇವನು ಮಂಗಳೂರು ಕಡೆ ಯಾವುದೋ ಶಿಲುಬೆ ಕೆತ್ತುತ್ತಾ ಕೂತಿದ್ದ.

ಶೆಡ್ಡಲ್ಲಿ ದೀಪ. ಟಕ್... ಟಕ್... ಉಳಿ ಸದ್ದು. ಅದು ನಿಂತ್ರೆ ಇನ್ನೊಂದು. ಎದೆಯೊಳಗೆ ಪೀಪಿ ಊದ್ದಂಗೆ... ಸುಂಯ್... ಸುಂಯ್... ಆಮೇಲೆ ಹೆಂಗಸಿನ ಕೆಮ್ಮು.

‘ಯಾರನ್ನೋ ತಂದಿಟ್ಕೊಂಡವ್ನೆ ನನ್ಮಗ’ ಅಂತ ಬಸವರಾಜುಗೆ ಅನುಮಾನ. ಹಲಗೆ ಸಂದಿಗೆ ಕಣ್ಣಿಟ್ಟ. ಆಂಥೋನಿ ಒಬ್ನೇ. ಎದುರಿಗೆ ಹಲಸಿನ ಮರದ ಮರಿಯಮ್ಮ, ಮಗನ್ನ ಕಳ್ಕೊಂಡು ಅಳೋ ಏಸುವಿನ ತಾಯಿ. ಕೈಯೆಲ್ಲ ಮೂಡಿತ್ತು, ಮುಖ ಮಾತ್ರ ಕೆತ್ತಿ ಕೆತ್ತಿ ಸವರಿ ಹಾಕಿದ ಬರೀ ಮರ.

“ಯಾರದು?” ತಿರುಗದೇ ಕೇಳಿದ ಆಂಥೋನಿ.

“ನಾನು ಕಣೋ, ಬಸವರಾಜು. ಒಳಗ್ಯಾರವ್ರೆ?”

“ಮೆಲ್ಲಗೆ ಮಾರಾಯ.”

“ಕೆಮ್ಮಿದ್ಯಾರು?”

ಆಂಥೋನಿ ಉಳಿ ಕೆಳಗಿಟ್ಟ. “ನನ್ನ ಮುಂದೆ ಮೊಡೆಸ್ಟಾ ಒಂದಿನಾನೂ ಅತ್ತೋಳಲ್ಲ. ಇದಕ್ಕೆ ಅವಳ ಮುಖಾನೇ ಇಡೋಣಾಂತ ಎಷ್ಟ್ ಸಲ ಕೆತ್ತಿದ್ರೂ ನಗ್ತಾನೇ ಬರ್ತಿತ್ತು. ಕಡೇ ರಾತ್ರಿ ಹೆಂಗಿದ್ಲೋ, ನಾನು ನೋಡ್ಲಿಲ್ವಲ್ಲ... ಇವತ್ತು ತೋರಿಸ್ತಾವ್ಳೆ.”

ಸುಂಯ್... ಈ ಸಲ ಬಸವರಾಜು ಕಿವಿ ಪಕ್ಕದಲ್ಲೇ.

ಚಪ್ಪಲಿ ಅಲ್ಲೇ ಬಿಟ್ಟು ಓಡಿ ಬಂದ್ಬುಟ್ಟ. ಬೆಳಗ್ಗೆ ನನ್ನ ಹತ್ರ, “ಆ ಕಳ್ಳ ಏನೋ ನಾಟ್ಕ ಆಡ್ತಾವ್ನೆ” ಅಂದ. ನಂಗೂ ಹಂಗೇ ಅನ್ನಿಸ್ತು. ಸತ್ತೋರು ಕೆಮ್ತಾರಾ?

ಹದಿನೈದು ದಿನಕ್ಕೆ ವಿಗ್ರಹ ಚರ್ಚಿಗೆ ಹೋಯ್ತು. ಇಳಿಸೋಕೆ ನಾಲ್ಕು ಜನ, ಅದರಲ್ಲಿ ನಾನೂ ಒಬ್ಬ. ಗೋಣಿ ತೆಗೆದ್ರೆ... ಬಾಯಿ ಅರ್ಧ ತೆರೆದಿತ್ತು. ಕುತ್ತಿಗೆ ನರ ಸೆಟೆದಿತ್ತು. ಕಣ್ಣು ಯಾರೋ ಬರ್ಲಿ ಅಂತ ಬಾಗಿಲು ನೋಡೋ ಹಂಗಿತ್ತು. ಕಡೇ ರಾತ್ರಿ ಮೊಡೆಸ್ಟಾನ್ನ ತೊಡೆ ಮೇಲೆ ಮಲಗಿಸ್ಕೊಂಡಿದ್ದ ಪಕ್ಕದ ಮನೆ ಜಾನಿಸ್‌ಬಾಯಿ ನೋಡಿದ್ಲು. ಬಾಯಿಗೆ ಸೆರಗು ತುರುಕ್ಕೊಂಡು, “ಹಿಂಗೇ... ಹಿಂಗೇ ಇದ್ಲು” ಅಂದ್ಲು. ಆಂಥೋನಿ ನೆಲ ನೋಡ್ತಾ ನಿಂತಿದ್ದ.

ಗೋಡೆಗೆ ಒರಗಿಸೋ ವಿಗ್ರಹ ಅದು, ಬೆನ್ನು ಯಾರೂ ಕೆತ್ತೋದಿಲ್ಲ. ಎತ್ತುವಾಗ ತಿರುಗಿಸಿದ್ವಿ. ಬೆನ್ನ ಮೇಲೆ ಒಂದು ಅಂಗೈ ಗುರುತು, ದಮ್ಮು ಹತ್ತಿದೋರ ಬೆನ್ನು ನೀವೋ ಹಂಗೆ, ಮರದೊಳಕ್ಕೆ ಇಳಿದಿತ್ತು.

“ಆ ಕಡೆ ನಾನು ಉಳಿ ಇಟ್ಟೇ ಇಲ್ಲ” ಅಂದ ಆಂಥೋನಿ.

ನಂಬಿದ್ರೆ ನಂಬಿ, ಬಿಟ್ರೆ ಬಿಡಿ. ನಾನೇ ಕೈಯಿಟ್ಟು ನೋಡಿದೀನಿ ಕಣ್ರೀ. ಉಳಿ ಗುರುತು ಒಂದೂ ಇರ್ಲಿಲ್ಲ. ಮರ... ಬೆಚ್ಚಗಿತ್ತು.