ಭರಚುಕ್ಕಿಗೆ ಹೋದ ಸೀರೆ

ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಯಳಂದೂರಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಕಲ್ಲುಬೆಂಚಿನಲ್ಲಿ ಅರವತ್ತು ದಾಟಿದ ಗಂಡ ಹೆಂಡತಿ.

“ಭಾನುವಾರ ಅಳೀಮಯ್ಯ ಕಾರು ತತ್ತಾನೆ ಕಣಮ್ಮಿ. ವಯಸ್ನಲ್ಲಿ ಸುತ್ತಿದ್ ಜಾಗ್ವನ್ನೆಲ್ಲ ಇನ್ನೊಂದ್ ಸಲ ನೋಡ್ಕಬರವ. ಮೊದ್ಲು ಭರಚುಕ್ಕಿ, ಆಮೇಲೆ ಮಾದಪ್ಪನ ಬೆಟ್ಟ.”

“ನೀವು ಓಗ್ಬನ್ನಿ.”

“ನೀನಿಲ್ದೆ ಯಂಗೆ? ಮದ್ವೆಯಾದ್ ವರ್ಷ ಭರಚುಕ್ಕೀಲಿ ನೀನು ನೀರಿಗಿಳಿದು ನಗಾಡ್ತಿದ್ದೆ. ಹಸ್ರು ರೇಷ್ಮೆ ಸೀರೆ, ಕೆಂಪಂಚು. ಇನ್ನೂ ಕಣ್ಣಲ್ಲೇ ಅದೆ.”

“ಆ ಸೀರೆ ನೇಯ್ದೋಳು ನಾನು. ಉಟ್ಕಂಡು ಓಗಿದ್ದು ನಿಮ್ ತಂಗಿ.”

“ಸುಮ್ನಿರು, ನೀನೇ ಕಣೆ.”

“ನಾನು ಅವತ್ತು ಮಗ್ಗದ್ ಗುಂಡೀಲಿ ಕಾಲಿಟ್ಕಂಡು ಕೂತಿದ್ದೆ. ಸೀರೆ ಒದ್ದೆ ಮಾಡ್ಕಬಂದವ್ಳೆ ಅಂತ ನಿಮ್ಮವ್ವ ನನ್ ಕೈಲೇ ಒಣಾಕ್ಸುದ್ರು.”

ಗಂಡ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಮುಖದಲ್ಲಿ ಬೆವರಿರಲಿಲ್ಲ.

“ಬೆಟ್ಟಕ್ಕಾದ್ರೂ ಬಂದಿದ್ಯಲ್ಲ?”

“ನಾನೂ ಬಂದಿದ್ರೆ ಮಗ್ಗ ಯಾರ್ ಆಡುಸ್ತಿದ್ರು?”

ನೆಲ ನೋಡುತ್ತಲೇ ಕೇಳಿದ: “ನಿಂಗಿಷ್ಟವಾದ್ ಜಾಗ ಯಾವ್ದು ಹೇಳು. ಅಲ್ಲಿಗೇ ಓಗವ.”

“ನೋಡಿದ್ರೆ ತಾನೆ ಇಷ್ಟ ಆಗಾದು.”

ಹನೂರಿನ ಬಸ್ಸು ಬಂತು. ಮುಂದಾಗಿ ಹತ್ತಲು ಹೋದವನು ಮೆಟ್ಟಿಲ ಮೇಲಿಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡ. ಅವಳು ಹತ್ತುವವರೆಗೂ ತಲೆ ಎತ್ತಲಿಲ್ಲ.